ಮೆಗಾವ್ಯಾಟ್ ಇದೆ ಸರಿ, ಎಷ್ಟು ಹೊತ್ತು? – ಸ್ಪೇಸ್ ಎಂಜಿನಿಯರ್ಸ್ ಹಡಗಿನ ಪವರ್ ಲೆಕ್ಕ

ಸ್ಪೇಸ್ ಎಂಜಿನಿಯರ್ಸ್ ಆಡೋರು ನಮ್ಮ ಕ್ಯಾಂಪಸ್‌ನಲ್ಲಿ ಕಡಿಮೆ ಏನಿಲ್ಲ. ಆಡದವರಿಗೆ ಚಿಕ್ಕ ಪರಿಚಯ: ಪ್ರಾಗ್ ನಗರದ ಕೀನ್ ಸಾಫ್ಟ್‌ವೇರ್ ಹೌಸ್ ಮಾಡಿದ ಆಟ ಇದು. 2013ರ ಅಕ್ಟೋಬರ್‌ನಲ್ಲಿ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ ಬಂತು, 2019ರ ಫೆಬ್ರವರಿಯಲ್ಲಿ ಪೂರ್ತಿ ಬಿಡುಗಡೆ ಆಯ್ತು. ಕಲ್ಲು ಅಗೆದು, ಅದಿರು ಕರಗಿಸಿ, ಬ್ಲಾಕ್ ಮೇಲೆ ಬ್ಲಾಕ್ ಜೋಡಿಸಿ ಹಡಗು ಕಟ್ಟಬೇಕು. ದೊಡ್ಡ ಗ್ರಿಡ್‌ನ ಒಂದು ಬ್ಲಾಕ್ ಎರಡೂವರೆ ಮೀಟರ್, ಚಿಕ್ಕ ಗ್ರಿಡ್‌ನದು ಅರ್ಧ ಮೀಟರ್. ಕಟ್ಟಿದ ಹಡಗು ಹಾರಬೇಕಾದರೆ ಥ್ರಸ್ಟರ್ ಬೇಕು, ಥ್ರಸ್ಟರ್‌ಗೆ ಕರೆಂಟ್ ಬೇಕು. ನಮ್ಮ ಕಥೆ ಶುರುವಾಗೋದು ಇಲ್ಲಿಂದ.

ಹೊಸಬರ ಹಡಗುಗಳು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸಾಯುತ್ತವೆ. ಒಂದು, ಗ್ರಹದ ಮೇಲೆ ಇಳಿಯುವಾಗ ಬ್ರೇಕ್ ಸಾಲದೆ ನೆಲಕ್ಕೆ ಅಪ್ಪಳಿಸಿ. ಇನ್ನೊಂದು, ಬಾಹ್ಯಾಕಾಶದ ಮಧ್ಯೆ ದೀಪ ಆರಿ, ಯಾರೂ ಬರದ ಜಾಗದಲ್ಲಿ ತೇಲುತ್ತಾ. ಎರಡಕ್ಕೂ ಕಾರಣ ಬಹುತೇಕ ಒಂದೇ: ಪವರ್ ಲೆಕ್ಕ ಹಾಕದೆ ಕಟ್ಟಿರೋದು. ಹತ್ತು–ಹದಿನೈದು ಗಂಟೆ ಕೂತು ಕಟ್ಟಿದ್ದು ಹದಿನೈದು ಸೆಕೆಂಡಿನಲ್ಲಿ ಗುಜರಿ ಆಗುತ್ತೆ. ಒಂದು ಹಾಳೆ, ಒಂದು ಕ್ಯಾಲ್ಕುಲೇಟರ್ ಇದ್ದರೆ ಇದನ್ನು ತಪ್ಪಿಸಬಹುದು. ಹೇಗೆ ಅಂತ ನೋಡೋಣ. ಕೆಳಗಿನ ಅಂಕಿಗಳೆಲ್ಲ ಮೊದಲ ಆಟದ ಮೂಲ ಬ್ಲಾಕ್‌ಗಳವು. ಮಾಡ್ ಹಾಕಿಕೊಂಡವರಿಗೆ ಅಂಕಿ ಬದಲಾಗುತ್ತೆ, ಲೆಕ್ಕದ ದಾರಿ ಬದಲಾಗಲ್ಲ.

ನಲ್ಲಿಯ ಅಗಲ, ತೊಟ್ಟಿಯ ಆಳ

ಮೊದಲ ಸೆಮಿಸ್ಟರ್‌ನಲ್ಲೇ ಓದಿದ್ದೀವಿ, ಆದರೂ ಆಟದಲ್ಲಿ ಕೂತ ತಕ್ಷಣ ಮರೆತುಹೋಗುವ ವಿಷಯ ಇದು. ಪವರ್ ಬೇರೆ, ಎನರ್ಜಿ ಬೇರೆ. ಮೆಗಾವ್ಯಾಟ್ ಅನ್ನೋದು ನಲ್ಲಿಯ ಅಗಲ: ಒಂದು ಕ್ಷಣದಲ್ಲಿ ಎಷ್ಟು ಸುರಿಯಬಲ್ಲದು. ಮೆಗಾವ್ಯಾಟ್-ಅವರ್ ಅನ್ನೋದು ತೊಟ್ಟಿಯ ಆಳ: ಒಟ್ಟು ಎಷ್ಟು ಇದೆ. ತೊಟ್ಟಿ ತುಂಬಿದ್ದರೂ ನಲ್ಲಿ ಸಣ್ಣದಿದ್ದರೆ ಬಕೆಟ್ ತುಂಬಲ್ಲ. ನಲ್ಲಿ ದೊಡ್ಡದಿದ್ದು ತೊಟ್ಟಿ ಚಿಕ್ಕದಿದ್ದರೆ ಅರ್ಧ ಸ್ನಾನಕ್ಕೆ ನೀರು ನಿಲ್ಲುತ್ತೆ.

ಆಟದ ದೊಡ್ಡ ಗ್ರಿಡ್ ಬ್ಯಾಟರಿಯನ್ನೇ ತಗೊಳ್ಳಿ. ಗರಿಷ್ಠ ಔಟ್‌ಪುಟ್ 12 ಮೆಗಾವ್ಯಾಟ್, ತುಂಬಿಕೊಳ್ಳೋದು 3 ಮೆಗಾವ್ಯಾಟ್-ಅವರ್. ಪೂರ್ತಿ ಎಳೆದರೆ ಕಾಲು ಗಂಟೆ, ಅಂದರೆ 15 ನಿಮಿಷಕ್ಕೆ ಖಾಲಿ. ಚಿಕ್ಕ ಗ್ರಿಡ್ ಬ್ಯಾಟರಿ 4 ಮೆಗಾವ್ಯಾಟ್ ಕೊಡುತ್ತೆ, 1 ಮೆಗಾವ್ಯಾಟ್-ಅವರ್ ಹಿಡಿಯುತ್ತೆ. ಅಲ್ಲೂ ಅದೇ 15 ನಿಮಿಷ. ಇವಿ ಬ್ಯಾಟರಿ ಓದಿದವರ ಭಾಷೆಯಲ್ಲಿ ಹೇಳಬೇಕಾದರೆ ಎರಡೂ 4ಸಿ ದರದ ಬ್ಯಾಟರಿಗಳು. ಇನ್ನೊಂದು ವಿಷಯ: ಆಟದ ಬ್ಯಾಟರಿ ಕೊನೆಯ ಹನಿವರೆಗೂ ಪೂರ್ತಿ 12 ಮೆಗಾವ್ಯಾಟ್ ಕೊಡುತ್ತಾ ಇದ್ದು, ಖಾಲಿಯಾದ ಕ್ಷಣಕ್ಕೆ ಸೊನ್ನೆಗೆ ಬೀಳುತ್ತೆ. ಮೊಬೈಲ್ ಬ್ಯಾಟರಿ ತರಹ ಮೊದಲೇ ಸೊರಗಿ ಸೂಚನೆ ಕೊಡೋ ಅಭ್ಯಾಸ ಅದಕ್ಕಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕರೆಂಟ್ ಎಲ್ಲಿಂದ ಬರುತ್ತೆ?

ದೊಡ್ಡ ಗ್ರಿಡ್ ಹಡಗಿಗೆ ಸಿಗುವ ಮೂಲಗಳು ಇಷ್ಟು:

– ಸಣ್ಣ ರಿಯಾಕ್ಟರ್: 15 ಮೆಗಾವ್ಯಾಟ್.
– ದೊಡ್ಡ ರಿಯಾಕ್ಟರ್: 300 ಮೆಗಾವ್ಯಾಟ್.
– ಬ್ಯಾಟರಿ: 12 ಮೆಗಾವ್ಯಾಟ್, 3 ಮೆಗಾವ್ಯಾಟ್-ಅವರ್.
– ಹೈಡ್ರೋಜನ್ ಎಂಜಿನ್: 5 ಮೆಗಾವ್ಯಾಟ್.
– ಸೋಲಾರ್ ಪ್ಯಾನೆಲ್: ಸೂರ್ಯನಿಗೆ ನೇರ ಮುಖ ಮಾಡಿದಾಗ 160 ಕಿಲೋವ್ಯಾಟ್.
– ಗಾಳಿ ಟರ್ಬೈನ್: ಒಳ್ಳೆ ಜಾಗದಲ್ಲಿ 400 ಕಿಲೋವ್ಯಾಟ್. ಆದರೆ ನೆಲದ ನೆಲೆಗೆ ಮಾತ್ರ. ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ವಲ್ಲ.

ರಿಯಾಕ್ಟರ್‌ಗೆ ಯುರೇನಿಯಂ ಬೇಕು. 1 ಕೆಜಿ ಯುರೇನಿಯಂ ಗಟ್ಟಿಯಿಂದ 1 ಮೆಗಾವ್ಯಾಟ್-ಅವರ್, ಲೆಕ್ಕ ಸುಲಭ. ರಿಯಾಕ್ಟರ್ ಒಳ್ಳೆಯ ಗುಣ ಏನಂದ್ರೆ, ಲೋಡ್ ಎಷ್ಟಿದೆಯೋ ಅಷ್ಟಕ್ಕೇ ಇಂಧನ ತಿನ್ನುತ್ತೆ. 300 ಮೆಗಾವ್ಯಾಟ್ ರಿಯಾಕ್ಟರ್ ಮೇಲೆ 3 ಮೆಗಾವ್ಯಾಟ್ ಲೋಡ್ ಇದ್ದರೆ ಗಂಟೆಗೆ 3 ಕೆಜಿ ಅಷ್ಟೇ. ಹಾಗಾದರೆ ದೊಡ್ಡ ರಿಯಾಕ್ಟರ್ ಒಂದು ಹಾಕಿ ಬಿಡೋಣ, ತಲೆನೋವೇ ಇಲ್ಲ ಅಂತ ನಿಮಗೆ ಅನ್ನಿಸಬಹುದು. ಸರ್ವೈವಲ್ ಮೋಡ್‌ನಲ್ಲಿ ಅದು ಅಷ್ಟು ಸುಲಭ ಅಲ್ಲ. ಭೂಮಿಯಂಥ ಗ್ರಹದಲ್ಲಿ ಆಟ ಶುರು ಮಾಡಿದರೆ ಅಲ್ಲಿ ಯುರೇನಿಯಂ ಸಿಗಲ್ಲ, ಮೇಲೆ ಹೋಗಬೇಕು. ಮೇಲೆ ಹೋಗೋ ಮೊದಲ ಹಡಗು ಯುರೇನಿಯಂ ಇಲ್ಲದೆಯೇ ಹಾರಬೇಕು. ಜೊತೆಗೆ ದೊಡ್ಡ ರಿಯಾಕ್ಟರ್ ಅಂದರೆ ಭಾರಿ ತೂಕ, ಕಟ್ಟೋಕೆ ರಾಶಿ ಬಿಡಿಭಾಗ, ಮತ್ತು ಇಡೀ ಹಡಗಿನ ಜೀವ ಒಂದೇ ಬ್ಲಾಕ್‌ನಲ್ಲಿ. ಅದಕ್ಕೆ ಒಂದು ಪೆಟ್ಟು ಬಿದ್ದರೆ ಮುಗೀತು.

ಲೋಡ್ ಪಟ್ಟಿ ಬರೆಯೋಣ

ಒಂದು ಹಡಗನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಸರಕು ತುಂಬಿದಾಗ ತೂಕ 8 ಲಕ್ಷ ಕೆಜಿ. ಬಾಹ್ಯಾಕಾಶದಲ್ಲಿ ಓಡಾಡುತ್ತೆ, ಅಯಾನ್ ಥ್ರಸ್ಟರ್ ಹಾಕಿದ್ದೀವಿ. ದೊಡ್ಡ ಅಯಾನ್ ಥ್ರಸ್ಟರ್ 4.32 ಮೆಗಾನ್ಯೂಟನ್ ಬಲ ಕೊಡುತ್ತೆ, 33.6 ಮೆಗಾವ್ಯಾಟ್ ತಿನ್ನುತ್ತೆ. ಸಣ್ಣದು 345.6 ಕಿಲೋನ್ಯೂಟನ್ ಕೊಡುತ್ತೆ, 3.36 ಮೆಗಾವ್ಯಾಟ್ ತಿನ್ನುತ್ತೆ.

ಮುಂದಕ್ಕೆ ಒಂದು ದೊಡ್ಡದು, ಹಿಂದಕ್ಕೆ ಒಂದು ದೊಡ್ಡದು. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಲಾ ಮೂರು ಸಣ್ಣವು. ಎಲ್ಲ ಥ್ರಸ್ಟರ್‌ಗಳ ನೇಮ್‌ಪ್ಲೇಟ್ ಅಂಕಿ ಕೂಡಿಸಿದರೆ:

– ದೊಡ್ಡವು 2 × 33.6 = 67.2 ಮೆಗಾವ್ಯಾಟ್
– ಸಣ್ಣವು 12 × 3.36 = 40.32 ಮೆಗಾವ್ಯಾಟ್
– ಒಟ್ಟು 107.52 ಮೆಗಾವ್ಯಾಟ್

ಇಷ್ಟು ಕರೆಂಟ್ ಬೇಕಾ? ಬೇಡ. ಹಡಗು ಒಂದೇ ಸಲ ಮುಂದಕ್ಕೂ ಹಿಂದಕ್ಕೂ ತಳ್ಳಲ್ಲ. ಇನರ್ಷಿಯಲ್ ಡ್ಯಾಂಪನರ್ ಆನ್ ಇದ್ದು, ಹಡಗು ಓರೆಯಾಗಿ ಸಾಗುತ್ತಿದ್ದು, ಎಲ್ಲ ಅಕ್ಷಗಳಲ್ಲೂ ಒಟ್ಟಿಗೆ ಬ್ರೇಕ್ ಹಾಕಿದರೂ ಮೂರು ದಿಕ್ಕಿನ ಥ್ರಸ್ಟರ್ ಮಾತ್ರ ಉರಿಯುತ್ತವೆ. 33.6 + 10.08 + 10.08 = 53.76 ಮೆಗಾವ್ಯಾಟ್. ಸರಿಯಾಗಿ ಅರ್ಧ.

ಎಲೆಕ್ಟ್ರಿಕಲ್ ಬ್ರಾಂಚ್‌ನವರಿಗೆ ಈಗಾಗಲೇ ಹೊಳೆದಿರಬೇಕು: ಇದು ಡೈವರ್ಸಿಟಿ ಫ್ಯಾಕ್ಟರ್. ಬಿಡಿಬಿಡಿ ಗರಿಷ್ಠ ಬೇಡಿಕೆಗಳ ಮೊತ್ತವನ್ನು ಒಟ್ಟಿಗೆ ಬರೋ ಗರಿಷ್ಠ ಬೇಡಿಕೆಯಿಂದ ಭಾಗಿಸಿದರೆ ಬರೋ ಸಂಖ್ಯೆ. ಇಲ್ಲಿ ಅದು 2. ಊರಿಗೆ ಟ್ರಾನ್ಸ್‌ಫಾರ್ಮರ್ ಹಾಕುವಾಗ ಪ್ರತಿ ಮನೆಯ ಮಿಕ್ಸಿ, ಗೀಸರ್, ಪಂಪ್‌ಸೆಟ್ ಎಲ್ಲ ಕೂಡಿಸಿ ಸೈಜ್ ಮಾಡಲ್ಲ, ಯಾಕಂದ್ರೆ ಎಲ್ಲರೂ ಒಂದೇ ನಿಮಿಷದಲ್ಲಿ ಎಲ್ಲವನ್ನೂ ಆನ್ ಮಾಡಲ್ಲ. ಅದೇ ತತ್ವ.

ಥ್ರಸ್ಟರ್ ಬಿಟ್ಟರೆ ಉಳಿದ ಲೋಡ್: ರಿಫೈನರಿ 2, ಅಸೆಂಬ್ಲರ್ 2, ತಲಾ 560 ಕಿಲೋವ್ಯಾಟ್, ಒಟ್ಟು 2.24 ಮೆಗಾವ್ಯಾಟ್. ಐಸ್‌ನಿಂದ ಆಮ್ಲಜನಕ–ಜಲಜನಕ ತೆಗೆಯುವ ಜನರೇಟರ್ ಅರ್ಧ ಮೆಗಾವ್ಯಾಟ್. ದೀಪ, ಬಾಗಿಲು, ಗೈರೋ, ಆಂಟೆನಾ, ಮೆಡಿಕಲ್ ರೂಮ್ ಎಲ್ಲ ಚಿಲ್ಲರೆ ಸೇರಿ 0.76 ಅಂತ ಇಟ್ಟುಕೊಳ್ಳೋಣ. ಒಟ್ಟು 3.5 ಮೆಗಾವ್ಯಾಟ್. ಇದು ಬೇಸ್ ಲೋಡ್, ಸದಾ ಇರುತ್ತೆ. ಥ್ರಸ್ಟರ್ ಲೋಡ್ ಪೀಕ್, ಆಗಾಗ ಬಂದು ಹೋಗುತ್ತೆ. ಎರಡೂ ಸೇರಿ 57.26 ಮೆಗಾವ್ಯಾಟ್.

ಪೀಕ್ ಎಷ್ಟು ಹೊತ್ತು ಇರುತ್ತೆ?

ಇಲ್ಲಿ ಒಂದು ಲೆಕ್ಕ ಮಾಡಿದರೆ ಇಡೀ ಡಿಸೈನ್ ಬದಲಾಗುತ್ತೆ. ಆಟದಲ್ಲಿ ಹಡಗಿನ ಗರಿಷ್ಠ ವೇಗ ಸೆಕೆಂಡಿಗೆ 100 ಮೀಟರ್. 4.32 ಮೆಗಾನ್ಯೂಟನ್ ಬಲ, 8 ಲಕ್ಷ ಕೆಜಿ ತೂಕ: ವೇಗೋತ್ಕರ್ಷ 5.4 ಮೀ/ಸೆ². ನಿಂತಲ್ಲಿಂದ ಪೂರ್ತಿ ವೇಗಕ್ಕೆ 18.5 ಸೆಕೆಂಡ್, ಪೂರ್ತಿ ವೇಗದಿಂದ ನಿಲ್ಲೋಕೆ ಇನ್ನೊಂದು 18.5 ಸೆಕೆಂಡ್, 926 ಮೀಟರ್ ದೂರ. ಮಧ್ಯದಲ್ಲಿ ಥ್ರಸ್ಟರ್ ಸುಮ್ಮನಿರುತ್ತೆ. ನ್ಯೂಟನ್ ಪುಣ್ಯದಿಂದ ಹಡಗು ತಾನೇ ಸಾಗುತ್ತೆ.

33.6 ಮೆಗಾವ್ಯಾಟ್ ಅನ್ನು 18.5 ಸೆಕೆಂಡ್ ಉರಿಸಿದರೆ ಖರ್ಚಾಗೋದು 622 ಮೆಗಾಜೂಲ್, ಅಂದರೆ 0.173 ಮೆಗಾವ್ಯಾಟ್-ಅವರ್. ಮೂರು ಬ್ಯಾಟರಿಯಲ್ಲಿ 9 ಮೆಗಾವ್ಯಾಟ್-ಅವರ್ ಇರುತ್ತೆ. ಇಂಥ ಐವತ್ತಕ್ಕೂ ಹೆಚ್ಚು ಬರ್ನ್‌ಗೆ ಸಾಕು. ಅಂದರೆ ಬಾಹ್ಯಾಕಾಶದಲ್ಲಿ ನಮ್ಮ ಕಷ್ಟ ಇರೋದು ತೊಟ್ಟಿಯ ಆಳದಲ್ಲಿ ಅಲ್ಲ, ನಲ್ಲಿಯ ಅಗಲದಲ್ಲಿ. 20 ಸೆಕೆಂಡಿನ ಪೀಕ್‌ಗೋಸ್ಕರ ರಿಯಾಕ್ಟರ್ ಸಾಲುಸಾಲಾಗಿ ಹಾಕೋದು ಮದುವೆ ದಿನದ ಊಟಕ್ಕೆ ಅಂತ ಮನೆ ಅಡುಗೆಕೋಣೆಯಲ್ಲಿ ವರ್ಷಪೂರ್ತಿ ಇಪ್ಪತ್ತು ಒಲೆ ಕಟ್ಟಿಸಿದ ಹಾಗೆ.

ಹಾಗಾಗಿ ನಾವು ಶಿಫಾರಸು ಮಾಡೋದು: ಬೇಸ್ ಲೋಡ್ ರಿಯಾಕ್ಟರ್ ಹೊರಲಿ, ಪೀಕ್ ಬ್ಯಾಟರಿ ಹೊರಲಿ. ಈ ಹಡಗಿಗೆ 2 ಸಣ್ಣ ರಿಯಾಕ್ಟರ್ ಮತ್ತು 3 ಬ್ಯಾಟರಿ. 30 + 36 = 66 ಮೆಗಾವ್ಯಾಟ್. ಬೇಕಾಗಿರೋದು 57.26. ಸುಮಾರು ಶೇ 15 ಮೀಸಲು ಉಳಿಯುತ್ತೆ.

ಒಂದು ಕೆಟ್ಟರೆ ಏನಾಗುತ್ತೆ ಅಂತಲೂ ಕೇಳಬೇಕು. ಪವರ್ ಸಿಸ್ಟಮ್ಸ್ ಪಾಠದಲ್ಲಿ ಇದನ್ನು ಎನ್ ಮೈನಸ್ ಒನ್ ಅಂತಾರೆ: ಯಾವುದೇ ಒಂದು ಘಟಕ ಹೋದರೂ ವ್ಯವಸ್ಥೆ ನಿಲ್ಲಬಾರದು. ಒಂದು ಬ್ಯಾಟರಿ ಹೋದರೆ ಉಳಿಯೋದು 54 ಮೆಗಾವ್ಯಾಟ್. ರಿಫೈನರಿ, ಅಸೆಂಬ್ಲರ್ ಆಫ್ ಮಾಡಿದರೆ ಥ್ರಸ್ಟರ್‌ಗೆ ಬೇಕಾದ 53.76 ಹೆಚ್ಚುಕಡಿಮೆ ಪೂರ್ತಿ ಸಿಗುತ್ತೆ. ಒಂದು ರಿಯಾಕ್ಟರ್ ಹೋದರೆ 51, ಮೂರೂ ಅಕ್ಷದಲ್ಲಿ ಒಟ್ಟಿಗೆ ಬ್ರೇಕ್ ಹಾಕಿದಾಗ ಮಾತ್ರ ಸ್ವಲ್ಪ ಕೊರತೆ. ಒಂದೇ ದೊಡ್ಡ ರಿಯಾಕ್ಟರ್ ಇದ್ದಿದ್ದರೆ? ಸೊನ್ನೆ.

ಜಂಪ್ ಡ್ರೈವ್ ಅನ್ನೋ ಹೊಟ್ಟೆಬಾಕ

ದೂರ ಪ್ರಯಾಣಕ್ಕೆ ಜಂಪ್ ಡ್ರೈವ್ ಹಾಕಿದರೆ ಲೆಕ್ಕ ಮತ್ತೆ ಏರುಪೇರು. ಅದು 3 ಮೆಗಾವ್ಯಾಟ್-ಅವರ್ ಕೂಡಿಟ್ಟು ಒಂದೇ ನೆಗೆತಕ್ಕೆ ಖರ್ಚು ಮಾಡುತ್ತೆ. ಚಾರ್ಜ್ ಆಗುವಾಗ 32 ಮೆಗಾವ್ಯಾಟ್‌ವರೆಗೂ ಎಳೆಯುತ್ತೆ, ಅದರಲ್ಲಿ ಶೇ 80 ಮಾತ್ರ ಒಳಗೆ ಉಳಿಯುತ್ತೆ. ಪೂರ್ತಿ ಪವರ್ ಕೊಟ್ಟರೆ ಸುಮಾರು 7 ನಿಮಿಷಕ್ಕೆ ರೆಡಿ.

ಥ್ರಸ್ಟರ್ ಪೀಕ್ ಜೊತೆ ಇದೂ ಸೇರಿದರೆ 89.26 ಮೆಗಾವ್ಯಾಟ್. ನಮ್ಮ 66ಕ್ಕೆ ಇದು ಆಗಲ್ಲ. ಹಾಗಂತ ಇನ್ನೆರಡು ರಿಯಾಕ್ಟರ್ ತಂದು ಹಾಕಬೇಕಾಗಿಲ್ಲ. ಜಂಪ್ ಡ್ರೈವ್‌ನ ರಿಚಾರ್ಜ್ ಸ್ವಿಚ್ಚನ್ನು ಹಡಗು ತೇಲುತ್ತಿರುವಾಗ ಮಾತ್ರ ಆನ್ ಮಾಡಿ. ಬೇಸ್ ಲೋಡ್ ಕಳೆದು ಎರಡು ರಿಯಾಕ್ಟರ್‌ನಲ್ಲಿ 26.5 ಮೆಗಾವ್ಯಾಟ್ ಉಳಿದಿರುತ್ತೆ. ಅಷ್ಟರಲ್ಲೇ ಎಂಟೂವರೆ ನಿಮಿಷಕ್ಕೆ ಚಾರ್ಜ್ ಮುಗಿಯುತ್ತೆ. ಒಂದೂವರೆ ನಿಮಿಷ ಹೆಚ್ಚು ಕಾಯೋದಕ್ಕೆ ಎರಡು ರಿಯಾಕ್ಟರ್ ಉಳೀತು.

ಜಂಪ್ ಡ್ರೈವನ್ನು ಬ್ಯಾಟರಿಯಿಂದ ತುಂಬಿಸೋದು ದುಬಾರಿ. ರಿಯಾಕ್ಟರ್‌ನಿಂದ ನೇರ ತುಂಬಿಸಿದರೆ 3 ಮೆಗಾವ್ಯಾಟ್-ಅವರ್‌ಗೆ 3.75 ಖರ್ಚು. ಆದರೆ ಆಟದ ಬ್ಯಾಟರಿಗೂ ಚಾರ್ಜ್ ಆಗುವಾಗ ಶೇ 20 ನಷ್ಟ ಇದೆ. ರಿಯಾಕ್ಟರ್‌ನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಜಂಪ್ ಡ್ರೈವ್‌ಗೆ ಅಂತ ಹೋದರೆ 0.8 ಗುಣಿಸು 0.8, ಅಂದರೆ 0.64. ಅದೇ 3 ಮೆಗಾವ್ಯಾಟ್-ಅವರ್‌ಗೆ 4.69 ಖರ್ಚು. ಪ್ರತಿ ನೆಗೆತಕ್ಕೆ ಹತ್ತಿರ ಹತ್ತಿರ 1 ಕೆಜಿ ಯುರೇನಿಯಂ ದಂಡ. ಹಾಗಾಗಿ ಜಂಪ್ ಚಾರ್ಜ್ ಮಾಡುವಾಗ ಬ್ಯಾಟರಿಗಳನ್ನು ಆಫ್ ಮಾಡಿಡೋದು ಜಾಣತನ. ಮುಗಿದ ಮೇಲೆ ಆನ್ ಮಾಡೋದು ಅದಕ್ಕಿಂತ ದೊಡ್ಡ ಜಾಣತನ!

ಗ್ರಹಕ್ಕೆ ಇಳಿಯುವಾಗ ನಡೆಯೋದೇ ಬೇರೆ

ಇಷ್ಟು ಹೊತ್ತು ಬಾಹ್ಯಾಕಾಶದ ಮಾತಾಯ್ತು. ಅಲ್ಲಿ ಕರೆಂಟ್ ಕಡಿಮೆಯಾದರೆ ಬ್ರೇಕ್ ತಡವಾಗುತ್ತೆ, ಅಷ್ಟೇ. ಗ್ರಹದಲ್ಲಿ ಗುರುತ್ವ ಕೂತಿದೆ, ಅದು ಒಂದು ಕ್ಷಣವೂ ಬಿಡುವು ಕೊಡಲ್ಲ. ಮೊದಲ ಮಾತು, ದಟ್ಟ ವಾತಾವರಣದಲ್ಲಿ ಅಯಾನ್ ಥ್ರಸ್ಟರ್‌ನ ಬಲ ಶೇ 20ಕ್ಕೆ ಇಳಿಯುತ್ತೆ. ಅಲ್ಲಿ ವಾತಾವರಣದ ಥ್ರಸ್ಟರ್ ಬೇಕು, ಇಲ್ಲಾ ಹೈಡ್ರೋಜನ್ ಬೇಕು. ಹೈಡ್ರೋಜನ್ ಥ್ರಸ್ಟರ್ ಕರೆಂಟ್ ಬದಲು ಟ್ಯಾಂಕಿನ ಅನಿಲ ತಿನ್ನುತ್ತೆ, ಅದಕ್ಕೇ ಮೊದಲ ಸಲ ಮೇಲೆ ಹೋಗೋ ಹಡಗುಗಳಲ್ಲಿ ಅದು ಇರುತ್ತೆ.

ಈಗ ಅದೇ 8 ಲಕ್ಷ ಕೆಜಿಯ ಒಂದು ಸರಕು ಹಡಗು, ಕೆಳಮುಖವಾಗಿ 2 ದೊಡ್ಡ ವಾತಾವರಣದ ಥ್ರಸ್ಟರ್. ತಲಾ 6.48 ಮೆಗಾನ್ಯೂಟನ್, 16.8 ಮೆಗಾವ್ಯಾಟ್. ಒಟ್ಟು 12.96 ಮೆಗಾನ್ಯೂಟನ್, 33.6 ಮೆಗಾವ್ಯಾಟ್. ಯುರೇನಿಯಂ ಇಲ್ಲ, 3 ಬ್ಯಾಟರಿ ಇದೆ, ಅಂದರೆ 36 ಮೆಗಾವ್ಯಾಟ್. ಭೂಮಿಯಷ್ಟೇ ಗುರುತ್ವ, 9.81.

ಸುಮ್ಮನೆ ಗಾಳಿಯಲ್ಲಿ ನಿಲ್ಲೋಕೇ 7.85 ಮೆಗಾನ್ಯೂಟನ್ ಬೇಕು. ಅಂದರೆ ಥ್ರಸ್ಟರ್‌ನ ಶೇ 60.6, ಸುಮಾರು 20.3 ಮೆಗಾವ್ಯಾಟ್. ಏನೂ ಕೆಲಸ ಮಾಡದೆ ನಿಂತಿದ್ದರೂ, ಚಿಲ್ಲರೆ ಲೋಡ್ ಸೇರಿ, 25 ನಿಮಿಷಕ್ಕೆ ಮೂರೂ ಬ್ಯಾಟರಿ ಖಾಲಿ. ಬಾಹ್ಯಾಕಾಶದಲ್ಲಿ ನಿಂತ ಹಡಗಿಗೆ ಥ್ರಸ್ಟರ್ ಖರ್ಚು ಇಲ್ಲವೇ ಇಲ್ಲ ಅಂದ ಹಾಗಿತ್ತು. ಇಲ್ಲಿ ನಿಲ್ಲೋದೇ ದೊಡ್ಡ ಖರ್ಚು.

ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಕೆಳಗೆ ಬರ್ತಾ ಇದ್ದೀವಿ ಅನ್ನಿ. ಪೂರ್ತಿ ಬ್ರೇಕ್. 12.96 ಮೆಗಾನ್ಯೂಟನ್ ಅನ್ನು 8 ಲಕ್ಷದಿಂದ ಭಾಗಿಸಿದರೆ 16.2, ಅದರಲ್ಲಿ ಗುರುತ್ವದ 9.81 ಕಳೆದರೆ ಉಳಿಯೋದು 6.39 ಮೀ/ಸೆ². ನಿಲ್ಲೋಕೆ ಬೇಕಾದ ದೂರ ಅಂದರೆ ವೇಗದ ವರ್ಗವನ್ನು ಇದರ ಎರಡರಷ್ಟರಿಂದ ಭಾಗಿಸಿದ್ದು: 782 ಮೀಟರ್. ಒಂದು ಕಿಲೋಮೀಟರ್ ಎತ್ತರದಲ್ಲಿ ಬ್ರೇಕ್ ಹಾಕಿದರೆ ಆರಾಮಾಗಿ ಇಳೀಬಹುದು.

ಈಗ ಇದೇ ಲೆಕ್ಕವನ್ನು ಪವರ್ ಕೊರತೆ ಇಟ್ಟು ಮಾಡಿ. ಓವರ್‌ಲೋಡ್ ಆದಾಗ ಥ್ರಸ್ಟರ್ ಪೂರ್ತಿ ನಿಲ್ಲಲ್ಲ, ಸಿಕ್ಕಷ್ಟು ಕರೆಂಟಿಗೆ ತಕ್ಕಷ್ಟು ಬಲ ಕೊಡುತ್ತೆ.

– ಪವರ್ ಶೇ 100: 782 ಮೀಟರ್.
– ಪವರ್ ಶೇ 80: 1,587 ಮೀಟರ್.
– ಪವರ್ ಶೇ 71: ಸುಮಾರು 2.8 ಕಿಲೋಮೀಟರ್.
– ಪವರ್ ಶೇ 60.6 ಅಥವಾ ಅದಕ್ಕಿಂತ ಕಡಿಮೆ: ಯಾವತ್ತೂ ನಿಲ್ಲಲ್ಲ.

ಶೇ 20 ಕೊರತೆಗೆ ದೂರ ಶೇ 20 ಹೆಚ್ಚಾಗಲಿಲ್ಲ, ಎರಡು ಪಟ್ಟಾಯ್ತು. ಯಾಕೆ? ಥ್ರಸ್ಟರ್ ಬಲದ ಬಹುಪಾಲು ಗುರುತ್ವಕ್ಕೆ ಕಂದಾಯ ಕಟ್ಟೋಕೇ ಹೋಗುತ್ತೆ, ಬ್ರೇಕ್ ಹಾಕೋದು ಉಳಿದ ಚೂರು ಮಾತ್ರ. ಕೊರತೆ ಬಂದಾಗ ಕಂದಾಯ ಕಡಿಮೆ ಆಗಲ್ಲ. ಪೂರ್ತಿ ಕಡಿತ ಆ ಚೂರಿನ ಮೇಲೇ ಬೀಳುತ್ತೆ. ಅಲ್ಪ ವ್ಯತ್ಯಾಸವನ್ನು ಅಡಿಪಾಯವಾಗಿ ಇಟ್ಟುಕೊಂಡ ಯಾವ ಡಿಸೈನ್‌ಗೂ ಇದೇ ಗತಿ.

ಆ ಶೇ 71 ಸುಮ್ಮನೆ ಆರಿಸಿದ ಅಂಕಿ ಅಲ್ಲ. ಮೂರು ಬ್ಯಾಟರಿಯಲ್ಲಿ ಒಂದು ಕೆಲಸ ಮಾಡದೆ ಇದ್ದರೆ ಉಳಿಯೋದು 24 ಮೆಗಾವ್ಯಾಟ್, 33.6ರಲ್ಲಿ ಅದು ಶೇ 71. ಇದು ಯಾವಾಗ ಆಗುತ್ತೆ? ನೆಲೆಯ ಕನೆಕ್ಟರ್‌ಗೆ ಹಡಗು ಕಟ್ಟಿ ಬ್ಯಾಟರಿಯನ್ನು ರಿಚಾರ್ಜ್ ಮೋಡ್‌ಗೆ ಹಾಕಿರ್ತಾರೆ. ಹೊರಡುವಾಗ ಒಂದನ್ನು ಆಟೋಗೆ ವಾಪಸ್ ತರೋಕೆ ಮರೆಯುತ್ತಾರೆ. ರಿಚಾರ್ಜ್ ಮೋಡ್‌ನ ಬ್ಯಾಟರಿ ಕರೆಂಟ್ ತಗೊಳ್ಳುತ್ತೆ ಹೊರತು ಕೊಡಲ್ಲ. ಮೇಲೆ ಹೋಗುವಾಗ ನಿಧಾನಕ್ಕೆ ಏರಿದರೆ ಗೊತ್ತೇ ಆಗಲ್ಲ. ಇಳಿಯುವಾಗ ಪೂರ್ತಿ ಬ್ರೇಕ್ ಒತ್ತಿದಾಗ ಗೊತ್ತಾಗುತ್ತೆ, ಆಗ ಎತ್ತರ ಸಾಲಲ್ಲ. ಬ್ಯಾಟರಿಗಳು ಸಮನಾಗಿ ತುಂಬಿರದೆ ಒಂದು ಮೊದಲೇ ಖಾಲಿಯಾದರೂ ಇದೇ ಪರಿಣಾಮ. ಕೊನೆಯ ಹನಿವರೆಗೂ 12 ಕೊಟ್ಟು ಒಮ್ಮೆಲೇ ಸೊನ್ನೆ ಅಂತ ಹೇಳಿದ್ದು ಇದಕ್ಕೇ.

ತೂಕವೂ ಪವರ್‌ನಷ್ಟೇ ಮುಖ್ಯ. ಇದೇ ಹಡಗಿಗೆ ಇನ್ನೂ 2 ಲಕ್ಷ ಕೆಜಿ ಅದಿರು ತುಂಬಿ 10 ಲಕ್ಷ ಮಾಡಿ. ಪೂರ್ತಿ ಪವರ್ ಇದ್ದರೂ ಬ್ರೇಕ್ ದೂರ 1,587 ಮೀಟರ್, ಶೇ 20 ಪವರ್ ಕೊರತೆ ಕೊಟ್ಟಷ್ಟೇ. ಎರಡೂ ಒಟ್ಟಿಗೆ ಬಂದರೆ? ಉಳಿಯೋದು 0.56 ಮೀ/ಸೆ², ನಿಲ್ಲೋಕೆ ಮೂರು ನಿಮಿಷ, ಹತ್ತಿರ ಹತ್ತಿರ 9 ಕಿಲೋಮೀಟರ್. ಒಂದೊಂದಾಗಿ ಬಂದರೆ ಬದುಕಬಹುದಾದ ಎರಡು ಕೊರತೆಗಳು ಸೇರಿದಾಗ ಹಡಗು ಉಳಿಯಲ್ಲ.

ಹಾಗಾಗಿ ಗ್ರಹಕ್ಕೆ ಇಳಿಯುವ ಹಡಗಿಗೆ ಶೇ 15 ಮೀಸಲು ಸಾಲದು. ಒಂದು ಬ್ಯಾಟರಿ ಪೂರ್ತಿ ಹೋದರೂ ಥ್ರಸ್ಟರ್‌ಗೆ ಶೇ 100 ಸಿಗೋ ಹಾಗೆ ಇರಬೇಕು. ಈ ಹಡಗಿಗೆ ನಾಲ್ಕನೇ ಬ್ಯಾಟರಿ ಐಷಾರಾಮ ಅಲ್ಲ.

ನಮಗೆಲ್ಲ ಗೊತ್ತಿರೋ ಲೋಡ್ ಶೆಡ್ಡಿಂಗ್

ಕರೆಂಟ್ ಸಾಲದಾಗ ಏನು ಮಾಡಬೇಕು ಅಂತ ಕರ್ನಾಟಕದಲ್ಲಿ ಬೆಳೆದವರಿಗೆ ಪಾಠ ಹೇಳಬೇಕಾಗಿಲ್ಲ. ಲೋಡ್ ಶೆಡ್ಡಿಂಗ್ ಅನ್ನೋ ಪದ ನಮ್ಮ ಅಜ್ಜಿಯಂದಿರಿಗೂ ಗೊತ್ತು. ಅದರ ಹಿಂದಿನ ಯೋಚನೆ ಸರಿಯಾದದ್ದೇ: ಇಡೀ ಗ್ರಿಡ್ ಬೀಳೋ ಬದಲು ಕೆಲವು ಫೀಡರ್ ಬಿಡಿಸಿ ಉಳಿದದ್ದನ್ನು ಕಾಪಾಡೋದು.

ಹಡಗಿನಲ್ಲೂ ಬ್ಲಾಕ್‌ಗಳನ್ನು ಮೂರು ಗುಂಪು ಮಾಡಿಡಿ. ಮೊದಲನೆಯದು ಜೀವ ಉಳಿಸೋದು: ಥ್ರಸ್ಟರ್, ಗೈರೋ, ಕಾಕ್‌ಪಿಟ್, ಆಮ್ಲಜನಕ. ಎರಡನೆಯದು ಕೆಲಸ ಮಾಡೋದು: ರಿಫೈನರಿ, ಅಸೆಂಬ್ಲರ್, ಡ್ರಿಲ್. ಮೂರನೆಯದು ಕಾಯಬಲ್ಲದ್ದು: ಜಂಪ್ ಡ್ರೈವ್ ಚಾರ್ಜ್, ಅಲಂಕಾರದ ದೀಪ, ಗುರುತ್ವ ಜನರೇಟರ್. ಎರಡು ಮತ್ತು ಮೂರನೆಯ ಗುಂಪನ್ನು ಟೂಲ್‌ಬಾರ್‌ನ ಒಂದೊಂದು ಕೀಗೆ ಕಟ್ಟಿ. ಇಳಿಯೋಕೆ ಮುಂಚೆ ಎರಡು ಕೀ ಒತ್ತಿದರೆ ಮುಗೀತು.

ಕೈಯಿಂದ ಮಾಡೋದು ಬೇಡ ಅನ್ನೋರಿಗೆ ಈವೆಂಟ್ ಕಂಟ್ರೋಲರ್ ಬ್ಲಾಕ್ ಇದೆ. ಬ್ಯಾಟರಿಯಲ್ಲಿ ಉಳಿದ ಶಕ್ತಿ ಇಷ್ಟಕ್ಕಿಂತ ಕಡಿಮೆಯಾದರೆ ಆ ಗುಂಪು ಆಫ್ ಆಗಲಿ ಅಂತ ಹೇಳಿಡಬಹುದು. ಕೋಡ್ ಬರೆಯೋ ಚಟ ಇರೋರಿಗೆ ಪ್ರೋಗ್ರಾಮೆಬಲ್ ಬ್ಲಾಕ್, ಸಿ ಶಾರ್ಪ್‌ನಲ್ಲಿ. ನಮ್ಮ ಸಲಹೆ: ಮೊದಲು ಎರಡು ಕೀ ಅಭ್ಯಾಸ ಆಗಲಿ, ಆಮೇಲೆ ಆಟೊಮೇಷನ್. ಕೈಯಲ್ಲಿ ಮಾಡೋಕೆ ಬರದಿದ್ದನ್ನು ಕೋಡ್‌ಗೆ ಹೇಳಿಕೊಡೋದು ಕಷ್ಟ.

ಸೋಲಾರ್, ಮತ್ತು ನಿಜವಾದ ಬಾಹ್ಯಾಕಾಶ

160 ಕಿಲೋವ್ಯಾಟ್ ಪ್ಯಾನೆಲ್‌ನಿಂದ ಥ್ರಸ್ಟರ್ ಓಡಿಸೋ ಕನಸು ಬಿಡಿ. ಒಂದು ಸಣ್ಣ ರಿಯಾಕ್ಟರ್‌ಗೆ ಸಮ ಆಗಬೇಕಾದರೆ 94 ಪ್ಯಾನೆಲ್ ಬೇಕು. ಆದರೆ ಬೇಸ್ ಲೋಡ್‌ಗೆ ಸೋಲಾರ್ ಒಳ್ಳೇದು, ಇಂಧನ ಪುಕ್ಕಟೆ. 3.5 ಮೆಗಾವ್ಯಾಟ್‌ಗೆ 22 ಪ್ಯಾನೆಲ್ ಸಾಕು ಅನ್ನಿಸುತ್ತೆ. ಅದು ಹಗಲಿಗೆ ಮಾತ್ರ. ಹಗಲು–ರಾತ್ರಿ ಸಮ ಇರೋ ನೆಲೆಯಲ್ಲಿ ಹಗಲೇ ರಾತ್ರಿಯ ಪಾಲನ್ನೂ ಉತ್ಪಾದಿಸಬೇಕು, ಬ್ಯಾಟರಿಯ ಶೇ 20 ನಷ್ಟವನ್ನೂ ತುಂಬಬೇಕು: 3.5 + 4.375 = 7.875 ಮೆಗಾವ್ಯಾಟ್. ಪ್ಯಾನೆಲ್ ದಿನವಿಡೀ ಸೂರ್ಯನನ್ನು ನೋಡುತ್ತಾ ತಿರುಗಿದರೂ 50 ಬೇಕು. 22 ಎಲ್ಲಿ, 50 ಎಲ್ಲಿ!

ಇದು ಆಟದ ಕಟ್ಟುಕಥೆ ಅಲ್ಲ. ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತೆ, ಪ್ರತಿ ಸುತ್ತಿನಲ್ಲೂ ಸುಮಾರು ಮೂವತ್ತೈದು ನಿಮಿಷ ಭೂಮಿಯ ನೆರಳಲ್ಲಿ ಇರುತ್ತೆ. ಬಿಸಿಲಲ್ಲಿದ್ದಾಗ ಅದರ ಪ್ಯಾನೆಲ್‌ಗಳು ಆ ಕ್ಷಣದ ಲೋಡ್ ಹೊರಬೇಕು, ಜೊತೆಗೇ ನೆರಳಿನ ಹೊತ್ತಿಗೆ ಬ್ಯಾಟರಿ ತುಂಬಬೇಕು. 2017ರಿಂದ ಅಲ್ಲಿನ ಹಳೆ ನಿಕಲ್-ಹೈಡ್ರೋಜನ್ ಬ್ಯಾಟರಿಗಳನ್ನು ಗಗನಯಾತ್ರಿಗಳು ಹೊರಗೆ ಹೋಗಿ ಲಿಥಿಯಂ-ಅಯಾನ್ ಬ್ಯಾಟರಿಗಳಿಂದ ಬದಲಿಸಿದರು.

ಇನ್ನೂ ಹತ್ತಿರದ ಉದಾಹರಣೆ ಚಂದ್ರಯಾನ-3. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಲ್ಯಾಂಡರ್‌ನ ಸೋಲಾರ್ ಪವರ್ 738 ವ್ಯಾಟ್, ಪ್ರಜ್ಞಾನ್ ರೋವರ್‌ನದು 50 ವ್ಯಾಟ್. ಒಂದು ಮಿಕ್ಸಿಗೂ ಒಂದು ಫ್ಯಾನ್‌ಗೂ ಆಗುವಷ್ಟು. ಕಾರ್ಯಕ್ರಮ ಒಂದು ಚಂದ್ರ ದಿನಕ್ಕೆ, ಅಂದರೆ ನಮ್ಮ ಸುಮಾರು 14 ದಿನಕ್ಕೆ ಅಂತಲೇ ಯೋಜಿಸಿದ್ದು. ಚಂದ್ರನ ಎರಡು ವಾರದ ರಾತ್ರಿಯನ್ನು ದಾಟಿಸೋ ಬ್ಯಾಟರಿ, ಹೀಟರ್ ಹೊತ್ತುಕೊಂಡು ಹೋಗೋ ಬದಲು, ಸಿಗೋ ಬಿಸಿಲಲ್ಲಿ ಕೆಲಸ ಮುಗಿಸೋ ಯೋಜನೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಬ್ಯಾಟರಿ ತುಂಬಿದ ಸ್ಥಿತಿಯಲ್ಲಿ ರೋವರ್, ಆಮೇಲೆ ಲ್ಯಾಂಡರ್ ನಿದ್ದೆಗೆ ಹೋದವು. ಯಾವ ಲೋಡ್ ಎಷ್ಟು ಹೊತ್ತು, ಯಾವುದನ್ನು ಬಿಡಬಹುದು ಅನ್ನೋ ಅದೇ ಪಟ್ಟಿ. ಮೆಗಾವ್ಯಾಟ್ ಬದಲು ವ್ಯಾಟ್, ಮತ್ತು ಲೋಡ್ ಸೇವ್ ಬಟನ್ ಇಲ್ಲ.

ಹೊರಡೋ ಮುಂಚೆ ಐದು ಪ್ರಶ್ನೆ

1. ಒಟ್ಟಿಗೆ ಬರಬಹುದಾದ ಗರಿಷ್ಠ ಲೋಡ್ ಎಷ್ಟು? ನೇಮ್‌ಪ್ಲೇಟ್ ಮೊತ್ತ ಅಲ್ಲ, ನಿಜವಾಗಿ ಒಟ್ಟಿಗೆ ಬರೋದು.
2. ಆ ಪೀಕ್ ಎಷ್ಟು ಹೊತ್ತು ಇರುತ್ತೆ? ಸೆಕೆಂಡುಗಳಾದರೆ ಬ್ಯಾಟರಿ, ಗಂಟೆಗಳಾದರೆ ರಿಯಾಕ್ಟರ್.
3. ಒಂದು ಮೂಲ ಹೋದರೆ ಏನು ಉಳಿಯುತ್ತೆ? ಆಗಲೂ ಬ್ರೇಕ್ ಸಿಗುತ್ತಾ?
4. ಸರಕು ತುಂಬಿದ ತೂಕದಲ್ಲಿ ಲೆಕ್ಕ ಹಾಕಿದ್ದೀವಾ, ಖಾಲಿ ತೂಕದಲ್ಲಾ?
5. ಎಲ್ಲ ಬ್ಯಾಟರಿ ಆಟೋ ಮೋಡ್‌ನಲ್ಲಿ ಇದೆಯಾ?

ಮಿನಿ ಪ್ರಾಜೆಕ್ಟ್‌ಗೆ ಡ್ರೋನ್ ಮಾಡೋ ಗೆಳೆಯರೂ ಇದೇ ಐದು ಪ್ರಶ್ನೆ ಕೇಳಿಕೊಳ್ಳಬಹುದು. ಹೋವರ್‌ಗೇ ಥ್ರಸ್ಟ್‌ನ ಶೇ 60 ಹೋಗೋ ಡ್ರೋನ್‌ಗೆ ಕ್ಯಾಮೆರಾ ಒಂದು ಹೆಚ್ಚಿಗೆ ಕಟ್ಟಿದರೆ ಏನಾಗುತ್ತೆ ಅಂತ ಮೇಲಿನ ಪಟ್ಟಿ ಆಗಲೇ ಹೇಳಿದೆ. ಆಟದಲ್ಲಾದರೆ ಹಳೆ ಸೇವ್ ಲೋಡ್ ಮಾಡಿ ಮತ್ತೆ ಇಳಿಸಬಹುದು. ಅದಕ್ಕೇ ಮೊದಲು ಅಲ್ಲಿ ಕಲಿಯೋದು ಒಳ್ಳೇದು. ನಿಮ್ಮ ಹಡಗಿನ ಲೋಡ್ ಪಟ್ಟಿ ಬರೆದು ನಮಗೂ ತೋರಿಸಿ; ಮುಂದಿನ ಸಂಚಿಕೆಯಲ್ಲಿ ಒಂದೆರಡನ್ನು ಬಿಚ್ಚಿ ನೋಡೋಣ.